ಡೆನಿಯರ್ ತಪ್ಪಿದ ಎಳೆ: ಕೂದಲು ಉದುರುವಿಕೆಯ ಒಂದು ಪ್ರಕರಣ

ಈ ಪ್ರಕರಣ ಚಿಕ್ಕಬಳ್ಳಾಪುರ ಜಿಲ್ಲೆಯದು. ರೋಗಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ವಯಸ್ಸು, ತಿಂಗಳು, ಮನೆಮಂದಿಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಮನೆಯ ಕಸುಬು ರೇಷ್ಮೆ ನೂಲು ಬಿಚ್ಚಾಣಿಕೆ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ. ಅದನ್ನು ತೆಗೆದರೆ ಕಥೆಯ ಅರ್ಧ ಹೋಗುತ್ತದೆ. ಶಿಡ್ಲಘಟ್ಟದ ಸುತ್ತಮುತ್ತ ಅಂಥ ಮನೆಗಳು ಎಷ್ಟಿವೆಯೆಂದರೆ, ಅಷ್ಟರಿಂದ ಯಾರ ಗುರುತೂ ಸಿಗುವುದಿಲ್ಲ.

ಗಂಡಸರ ಬಕ್ಕತಲೆಗೆ ಯಾವ ಔಷಧ ಎಂಬುದು ಚರ್ಮವೈದ್ಯರಿಗೆಲ್ಲ ಗೊತ್ತು. ಪಟ್ಟಿ ಉದ್ದವೇನೂ ಇಲ್ಲ. ಯಾವಾಗ ಶುರು ಮಾಡಬೇಕು, ಯಾವ ಮಾತನ್ನು ಮೊದಲೇ ಹೇಳಬೇಕು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಬೇಕು ಎಂಬ ಕಡೆಗಳಲ್ಲಿ ನಾನು ಎಡವಿದೆ. ಬರೆಯುವುದಕ್ಕೆ ಕಾರಣ ಅದೇ.

ಹಿನ್ನೆಲೆ

ತಂದೆ ನನಗೆ ಹಳೆಯ ಪರಿಚಯ. ಬೇಯಿಸಿದ ಗೂಡನ್ನು ಬಿಸಿ ನೀರಿನ ಬೇಸಿನ್ನಿಗೆ ಹಾಕಿ, ಬೆರಳಾಡಿಸಿ ಎಳೆಯ ತುದಿ ಹುಡುಕುವವರ ಕೈ ಹೇಗಾಗುತ್ತದೆ ಎಂದು ಈ ಭಾಗದಲ್ಲಿ ಯಾರಿಗೂ ಹೇಳಬೇಕಿಲ್ಲ. ಬೆರಳಸಂದಿ ನೆನೆದು ಬಿಳಿಚಿಕೊಳ್ಳುತ್ತದೆ, ತುದಿ ಬಿರಿಯುತ್ತದೆ, ಉಪ್ಪಿನಕಾಯಿ ಮುಟ್ಟಿದರೆ ಪ್ರಾಣ ಹೋಗುತ್ತದೆ. ಆ ಕೈಗಳಿಗೆ ಹತ್ತು ವರ್ಷ ಮುಲಾಮು ಬರೆದುಕೊಟ್ಟವನು ನಾನು. ಒಂದು ಅಕ್ಟೋಬರ್‌ನಲ್ಲಿ ಅವರು ಮಗನನ್ನು ಕರೆದುಕೊಂಡು ಬಂದರು. "ನನ್ನ ಕೈ ನೋಡಿದ್ದು ಸಾಕು ಡಾಕ್ಟರೇ, ಇವನ ತಲೆ ನೋಡಿ" ಎಂದು ನಕ್ಕರು. ಅವರದು ಮೂವತ್ತಕ್ಕೇ ಬಕ್ಕತಲೆಯಾಗಿತ್ತು. ಮಗ ನಗಲಿಲ್ಲ.

ಅವನಿಗೆ 24. ಪದವಿ ಮುಗಿಸಿ ಗೂಡಿನ ಮಾರುಕಟ್ಟೆಯ ಖರೀದಿ, ಮನೆಯ ಲೆಕ್ಕ ನೋಡಿಕೊಳ್ಳುತ್ತಿದ್ದ. ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಎರಡು ದಿನ ಉದುರಿದ ಕೂದಲನ್ನು ತುಂಬಿ ತಂದಿದ್ದ. ಜೊತೆಗೊಂದು ಚೀಟಿ: ಮೊದಲ ದಿನ 180, ಎರಡನೆಯ ದಿನ 210. ಎಣಿಸಿದ್ದ! ಲೆಕ್ಕದ ಮನುಷ್ಯ. ಕವರಿನಲ್ಲಿ ಕೂದಲು ತರುವವರು ನನಗೆ ಹೊಸಬರಲ್ಲ, ಚೀಟಿ ತಂದವನು ಇವನೊಬ್ಬನೇ.

ಆಪಾದಿತರ ಪಟ್ಟಿಯೂ ಸಿದ್ಧವಿತ್ತು. ಕೊಳವೆಬಾವಿಯ ಗಡಸು ನೀರು, ಬೈಕಿನ ಹೆಲ್ಮೆಟ್, ಬೇಸಿನ್ನಿನ ಹಬೆ. ನಮ್ಮ ಜಿಲ್ಲೆಯಲ್ಲಿ ಮೊಣಕಾಲು ನೋವಿನಿಂದ ಹಿಡಿದು ಹಲ್ಲಿನ ಕಲೆಯವರೆಗೆ ಎಲ್ಲದಕ್ಕೂ ಕೊಳವೆಬಾವಿಯೇ ಹೊಣೆ. ಫ್ಲೋರೈಡ್‌ನ ಕಾರಣಕ್ಕೆ ಹಲ್ಲಿನ ವಿಷಯದಲ್ಲಿ ಅದು ನಿಜವೂ ಹೌದು. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ನಡುವೆ ಮುರಿಯುವಂತೆಯೂ ಮಾಡೀತು. ಆದರೆ ಮುಂದಲೆ, ನೆತ್ತಿಯನ್ನಷ್ಟೇ ಆರಿಸಿಕೊಂಡು ಬೋಳು ಮಾಡಿ, ಹಿಂದಲೆಯನ್ನು ಬಿಟ್ಟುಬಿಡುವ ನೀರು ಇನ್ನೂ ಯಾವ ಕೊಳವೆಬಾವಿಯಲ್ಲೂ ಸಿಕ್ಕಿಲ್ಲ. ಹೆಲ್ಮೆಟ್ ಕೂಡ ತಲೆಯ ತುಂಬ ಕೂರುತ್ತದೆ. ಅದನ್ನು ಹಾಕಿಕೊಳ್ಳುವುದನ್ನು ಬಿಡಬೇಡ ಎಂದು ಮೊದಲೇ ಹೇಳಿದೆ.

ಎರಡು ಕಾಯಿಲೆ, ಒಂದು ತಲೆ

ಕೇಳುತ್ತ ಹೋದಂತೆ ಜುಲೈ ತಿಂಗಳ ಡೆಂಗಿ ಜ್ವರದ ಮಾತು ಬಂತು. ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಇದು ಮುಖ್ಯ. ತಲೆಯ ಕೂದಲಿನಲ್ಲಿ ಬಹುಪಾಲು ಬೆಳೆಯುವ ಹಂತದಲ್ಲಿರುತ್ತದೆ, ಸ್ವಲ್ಪ ಪಾಲು ವಿಶ್ರಾಂತಿಯಲ್ಲಿ. ಜೋರು ಜ್ವರ ಬಂದರೆ ಬೆಳೆಯುತ್ತಿದ್ದವುಗಳಲ್ಲಿ ದೊಡ್ಡ ಪಾಲು ಒಟ್ಟಿಗೆ ವಿಶ್ರಾಂತಿಗೆ ಜಾರಿ, ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಜ್ವರ ಮರೆತುಹೋದ ಮೇಲೆ ಬಾಚಣಿಗೆ ತುಂಬುವುದರಿಂದ ಒಂದಕ್ಕೊಂದು ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ.

ಸುಮಾರು 60 ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಆರಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ. ಮುಂದಲೆಯಲ್ಲಿ ಎಂಟು ಬಂದವು, ಹಿಂದಲೆಯಲ್ಲೂ ಎಂಟು. ಹಿಂದಲೆಯಿಂದಲೂ ಬಂದಿತೆಂದರೆ ಜ್ವರದ ಲೆಕ್ಕ ಸರಿಯಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ "ಜ್ವರದ್ದು, ಹೋಗಪ್ಪ, ಸರಿಹೋಗುತ್ತದೆ" ಎಂದು ಕಳಿಸಬಹುದಿತ್ತು. ಕಾಲೇಜಿನ ಗುರುತಿನ ಚೀಟಿ ಇದೆಯೇ ಎಂದು ಕೇಳಿದೆ. ಪರ್ಸಿನಲ್ಲಿತ್ತು. ಹತ್ತೊಂಬತ್ತರ ಆ ಚಿತ್ರದಲ್ಲೇ ಕಣತಲೆಯ ಎರಡು ಮೂಲೆಗಳೂ ತುಸು ಒಳಗೆ ಸರಿದಿದ್ದವು. ಚರ್ಮವನ್ನೂ ಕೂದಲನ್ನೂ ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪನ್ನು ನೆತ್ತಿಯ ಮೇಲಿಟ್ಟು ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಗೆ ತಂದೆ. ಸುಳಿಯ ಹತ್ತಿರ ಒಂದು ದಪ್ಪ ಕೂದಲು, ಪಕ್ಕದಲ್ಲೇ ಅದರ ಅರ್ಧದಷ್ಟು ದಪ್ಪದ್ದು, ಆಚೆಗೆ ಬರೀ ನವಿರು. ಹಿಂದಲೆಗೆ ಸರಿಸಿದೆ. ಅಲ್ಲಿ ಎಲ್ಲವೂ ಒಂದೇ ದಪ್ಪ.

ನಾನು ವಿವರಣೆ ಶುರು ಮಾಡುವ ಮೊದಲೇ ಅವನು ಪರದೆಯತ್ತ ಬಾಗಿದ. "ಸಾರ್, ಇದರಲ್ಲಿ ಡೆನಿಯರ್ ಒಂದೇ ಸಮ ಇಲ್ಲ."

ಅವನ ಕಸುಬಿನ ಮಾತು ಅದು. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. ಗೂಡಿನ ಎಳೆ ಒಳಪದರಕ್ಕೆ ಬಂದಂತೆ ತೆಳುವಾಗುತ್ತದೆ. ಆಗ ಇನ್ನೊಂದು ಗೂಡಿನ ಎಳೆ ಸೇರಿಸದಿದ್ದರೆ ನೂಲು ಸಣ್ಣದಾಗಿ ಬೆಲೆ ಬೀಳುತ್ತದೆ. ಇಷ್ಟು ವರ್ಷ ನಾನು "ಕೂದಲ ಬುಡದ ಕುಳಿ ಕುಗ್ಗುತ್ತದೆ" ಎಂದು ಪಾಠ ಒಪ್ಪಿಸುತ್ತಿದ್ದೆ. ಈ ಕಾಯಿಲೆಯಲ್ಲಿ ನಡೆಯುವುದು ಅವನು ಹೇಳಿದ್ದೇ. ಕೂದಲು ಒಂದೇ ದಿನ ಮಾಯವಾಗುವುದಿಲ್ಲ. ಉದುರಿ ಮತ್ತೆ ಬರುವ ಪ್ರತಿ ಸುತ್ತಿನಲ್ಲೂ ಇನ್ನಷ್ಟು ತೆಳುವಾಗಿ, ಇನ್ನಷ್ಟು ಗಿಡ್ಡವಾಗಿ ಬರುತ್ತದೆ. ಟೆಸ್ಟೋಸ್ಟಿರಾನ್ ಹಾರ್ಮೋನಿನಿಂದ ದೇಹವೇ ತಯಾರಿಸುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಮುಂದಲೆ, ನೆತ್ತಿಯ ಕುಳಿಗಳು ವಂಶದ ಕಾರಣದಿಂದ ಬಗ್ಗುತ್ತವೆ, ಹಿಂದಲೆಯವು ಬಗ್ಗುವುದಿಲ್ಲ. ಜೋರಾಗಿ ಉದುರಿದ್ದು ಡೆಂಗಿಯಿಂದ. ಅದರ ಕೆಳಗೆ ಐದು ವರ್ಷದಿಂದ ಸದ್ದಿಲ್ಲದೆ ನಡೆಯುತ್ತಿದ್ದದ್ದು ಅಪ್ಪನಿಂದ ಬಂದದ್ದು. ಅಮ್ಮನ ಕಡೆಯಿಂದಲೂ ಬರುತ್ತದೆ ಎಂದು ಸೇರಿಸಿದಾಗ ತಂದೆಗೆ ಸ್ವಲ್ಪ ಸಮಾಧಾನವಾಯಿತು.

ಮೊದಲ ತೀರ್ಮಾನ

ಮಿನಾಕ್ಸಿಡಿಲ್ 5 ಶೇಕಡಾ ದ್ರಾವಣ, ದಿನಕ್ಕೆ ಎರಡು ಬಾರಿ 1 ಮಿಲಿಲೀಟರ್, ನೆತ್ತಿಯ ಚರ್ಮಕ್ಕೆ. ಮೂರು ತಿಂಗಳು ಬಿಟ್ಟು ಬಾ. ಬರೆದು ಕೊಟ್ಟೆ.

ಈಗ ಯೋಚಿಸಿದರೆ ಔಷಧ ಸರಿ, ಹೊತ್ತು ತಪ್ಪು. ಮಿನಾಕ್ಸಿಡಿಲ್ ವಿಶ್ರಾಂತಿಯಲ್ಲಿರುವ ಕೂದಲನ್ನು ತಳ್ಳಿ ಹೊಸದಕ್ಕೆ ದಾರಿ ಮಾಡುತ್ತದೆ. ಆದ್ದರಿಂದ ಮೊದಲ ಎರಡರಿಂದ ಎಂಟು ವಾರ ಹಲವರಿಗೆ ಉದುರುವುದು ಹೆಚ್ಚುತ್ತದೆ. ಡೆಂಗಿಯ ಉದುರುವಿಕೆ ನಡೆಯುತ್ತಿರುವಾಗಲೇ ಅದರ ಮೇಲೆ ಇದನ್ನೂ ಹೇರಿದೆ. "ಮೊದಲು ಸ್ವಲ್ಪ ಉದುರಬಹುದು" ಎಂದು ಚೀಟಿ ಬರೆಯುತ್ತ, ತಲೆ ಎತ್ತದೆ ಹೇಳಿದೆ. ಕೂದಲು ಎಣಿಸಿ ತಂದವನಿಗೆ "ಸ್ವಲ್ಪ" ಎಂಬುದು ಒಂದು ಲೆಕ್ಕವೇ ಅಲ್ಲ. ಜನವರಿಯವರೆಗೆ ಕಾಯಿಸಿ, ಹಿಂದಲೆಯ ಕೂದಲು ಎಳೆದರೂ ಬಾರದ ಸ್ಥಿತಿ ಬಂದ ಮೇಲೆ ಶುರು ಮಾಡಿದ್ದರೆ ಕಾರಣಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಕಾಯಬಾರದು, ಬೇಗ ಶುರು ಮಾಡುವುದೇ ಒಳ್ಳೆಯದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ವಾದದಲ್ಲೂ ಹುರುಳಿದೆ. ಈ ಹುಡುಗನಿಗೆ ಮಾತ್ರ ಅದು ಹೊಂದಲಿಲ್ಲ.

ಐದನೆಯ ವಾರ ಅವನ ಎಣಿಕೆ 300 ದಾಟಿತು. ಬಾಟಲಿ ಮೂಲೆ ಸೇರಿತು. ನನಗೆ ಫೋನ್ ಮಾಡಲಿಲ್ಲ. ಈರುಳ್ಳಿ ರಸ, ಗರುಗದ ಸೊಪ್ಪಿನ ಎಣ್ಣೆ, ಬಯೋಟಿನ್ ಮಾತ್ರೆ ಒಂದಾದ ಮೇಲೊಂದು ಬಂದು ಹೋದವು. ಜ್ವರ ವಾಸಿಯಾದರೆ ಮುಡಿ ಕೊಡಿಸುತ್ತೇನೆ ಎಂದು ತಾಯಿ ಹರಕೆ ಹೊತ್ತಿದ್ದರು. ಡಿಸೆಂಬರ್‌ನಲ್ಲಿ ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಮಾತನ್ನು ನಂಬಿಯೂ ಇದ್ದ. ಹೊಸದಾಗಿ ಬಂದ ಕೂದಲು ಕೈಗೆ ಒರಟಾಗಿ ತಗಲುವುದು ಕತ್ತಿ ಕೊಯ್ದ ಮೊಂಡು ತುದಿಯಿಂದ. ಚರ್ಮದ ಕೆಳಗಿನ ಬುಡಕ್ಕೆ ಕತ್ತಿ ಬಂದು ಹೋದದ್ದೇ ಗೊತ್ತಿರುವುದಿಲ್ಲ. ಆದರೂ ಆ ಮುಡಿಯಿಂದ ನನಗೊಂದು ಉಪಕಾರವಾಯಿತು. ಹರಡಿ ಬಾಚಿ ಮುಚ್ಚುತ್ತಿದ್ದ ಸುಳಿಯ ತೆಳು ಜಾಗ ಎಲ್ಲರ ಕಣ್ಣಿಗೂ ಬಿತ್ತು.

ಮೂರು ಸಾವಿರದ ಚೀಟಿ

ಫೆಬ್ರವರಿಯಲ್ಲಿ ತಂದೆಯೇ ಮತ್ತೆ ಕರೆತಂದರು. ಕೈಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿನ ಅಂದಾಜು ಪಟ್ಟಿ ಇತ್ತು. ಕೂದಲು ಕಸಿ, 3,000 ಗ್ರಾಫ್ಟ್ (ಹಿಂದಲೆಯಿಂದ ಬುಡಸಹಿತ ತೆಗೆದು ನೆಡುವ ಕೂದಲಿನ ಸಣ್ಣ ಗುಂಪುಗಳು), ಹಣೆಯ ಗೆರೆಯನ್ನು ಕೆಳಗಿಳಿಸುವುದು. 20,000 ರೂಪಾಯಿ ಮುಂಗಡ ಕಟ್ಟಿಯಾಗಿತ್ತು. ಅಲ್ಲಿ ಅವನನ್ನು ನೋಡಿದ್ದು ಸಲಹೆಗಾರರೆಂದು ಹೇಳಿಕೊಂಡ ಒಬ್ಬರು. ವೈದ್ಯರನ್ನು ಶಸ್ತ್ರಕ್ರಿಯೆಯ ದಿನವೇ ಕಾಣುವುದಂತೆ.

ಪ್ರಕರಣದ ಮೊದಲ ತಿರುವು ಇದು. ಇಲ್ಲಿ ನಾನು ಅವಸರ ಮಾಡಲಿಲ್ಲ. ಕಸಿ ಮೋಸವಲ್ಲ ಎಂದೇ ಮಾತು ಶುರು ಮಾಡಿದೆ. ಹಿಂದಲೆಯ ಕೂದಲು ಎಲ್ಲಿ ನೆಟ್ಟರೂ ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ಅಮೆರಿಕದ ಚರ್ಮವೈದ್ಯ ನಾರ್ಮನ್ ಓರೆಂಟ್‌ರೈಕ್ 1950ರ ದಶಕದಲ್ಲಿ ತೋರಿಸಿದ ಮೇಲೆ ಈ ವಿದ್ಯೆ ಬೆಳೆದದ್ದು. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳಿಗೆ ಮತ್ತೆ ಹುಟ್ಟಿ, ಪೂರ್ತಿ ಕಾಣಲು ಒಂದು ವರ್ಷ ಬೇಕು. ಕೆಲಸ ಮಾಡುತ್ತದೆ. ಪ್ರಶ್ನೆ 24ನೆಯ ವಯಸ್ಸಿನದು.

ಅವನ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಹೇಳಿದೆ. "ಹಿಂದಲೆ ನಿನ್ನ ಗೋದಾಮು. ಅಲ್ಲಿಂದ ತೆಗೆದದ್ದು ಮತ್ತೆ ತುಂಬುವುದಿಲ್ಲ. ಈಗಲೇ ಮೂರು ಸಾವಿರ ತೆಗೆದು ಹಣೆಯ ಮೇಲೆ ಸಾಲಾಗಿ ನೆಟ್ಟರೆ ಅವು ಅಲ್ಲೇ ಇರುತ್ತವೆ. ಅದರ ಹಿಂದಿನ ನಿನ್ನ ಸ್ವಂತದ್ದು ನಿನ್ನ ಅಪ್ಪನ ದಾರಿ ಹಿಡಿದು ಹೋಗುತ್ತದೆ. ಮೂವತ್ತೆರಡಕ್ಕೆ ಮುಂದೆ ಒಂದು ಬೇಲಿ, ಹಿಂದೆ ಬಯಲು. ಆಗ ಗೋದಾಮಿನಲ್ಲಿ ಎಷ್ಟು ಉಳಿದಿರುತ್ತದೆ?"

ಅವನು ಅಪ್ಪನ ತಲೆಯ ಕಡೆ ತಿರುಗಿ ನೋಡಿದ.

ಇನ್ನೊಂದು ವಿಷಯವನ್ನೂ ಹೇಳಬೇಕಾಯಿತು. ಕೂದಲು ಕಸಿಯನ್ನು ಯಾರು ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸರಿಯಾದ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು. ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ಅದರಲ್ಲಿ ಹೇಳಿದೆ. ಆಯೋಗ ಯೂಟ್ಯೂಬಿನ ಹೆಸರು ಹಿಡಿದು ಬರೆಯಬೇಕಾಗಿ ಬಂತು ಎಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ಊಹಿಸಬಹುದು. "ಶಸ್ತ್ರಕ್ರಿಯೆ ಮಾಡುವ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಕೇಳಿ ಬಾ, ಆಮೇಲೆ ಮಾತಾಡೋಣ" ಎಂದೆ. ಎರಡು ಸಲ ಕೇಳಿದನಂತೆ, ಉತ್ತರ ಬರಲಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ.

ಮಾತ್ರೆಯ ಭಯ

ಹಿಂದಲೆ ಎಳೆದು ನೋಡಿದೆ. 60ರಲ್ಲಿ ಒಂದು ಬಂತು. ಡೆಂಗಿಯ ಅಧ್ಯಾಯ ಮುಗಿದಿತ್ತು. ಉಳಿದದ್ದು ವಂಶದ್ದು. ಗಂಡಸರ ಬಕ್ಕತಲೆ ಎಷ್ಟು ಮುಂದುವರಿದಿದೆ ಎಂದು ಹೇಳುವ ಹ್ಯಾಮಿಲ್ಟನ್–ನಾರ್ವುಡ್ ಅಳತೆಯಲ್ಲಿ ಮೂರನೆಯ ಹಂತ, ಸುಳಿಯೂ ಸೇರಿ.

ಏನೂ ಮಾಡದೆ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು ಇರುವುದೂ ಒಂದು ದಾರಿ ಎಂದು ಮೊದಲು ಹೇಳಿದೆ. ಇದನ್ನು ಹೇಳದ ವೈದ್ಯರ ಬಗ್ಗೆ ನನಗೆ ಅನುಮಾನ. ಪ್ಲೇಟ್‌ಲೆಟ್ ಚುಚ್ಚುಮದ್ದು, ಅಂದರೆ ಪಿಆರ್‌ಪಿ, ಕೆಲವರಿಗೆ ಸಹಾಯವಾಗುತ್ತದೆ. ಆದರೆ ರಕ್ತವನ್ನು ತಿರುಗಿಸಿ ತಯಾರಿಸುವ ಬಗೆ ಒಂದೊಂದು ಕಡೆ ಒಂದೊಂದು, ಫಲವೂ ಹಾಗೆಯೇ. ಮೊದಲ ಹೆಜ್ಜೆಯಾಗಿ ಅದಕ್ಕೆ ದುಡ್ಡು ಸುರಿಯಲು ನಾನು ಹೇಳುವುದಿಲ್ಲ. ಮಿನಾಕ್ಸಿಡಿಲ್ ತೆಳುವಾದ ಎಳೆಯನ್ನು ದಪ್ಪ ಮಾಡಬಲ್ಲದು, ಡಿಎಚ್‌ಟಿಯನ್ನು ತಡೆಯಲಾರದು. ತಡೆಯುವುದು ಫಿನಾಸ್ಟರೈಡ್, ದಿನಕ್ಕೆ 1 ಮಿಲಿಗ್ರಾಂ. ಅಮೆರಿಕದಲ್ಲಿ ಬಕ್ಕತಲೆಗೆ ಅದು ಒಪ್ಪಿಗೆ ಪಡೆದದ್ದು 1997ರಲ್ಲಿ. ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು 70 ಶೇಕಡಾ ಇಳಿಸುತ್ತದೆ.

ಹೆಸರು ಕೇಳಿದ್ದೇ ಅವನ ಮುಖ ಸಣ್ಣದಾಯಿತು. ಮೊಬೈಲಿನಲ್ಲಿ ನೋಡಿದ್ದ. ಅಪ್ಪನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ ಮಾತಾಡಿದೆ. ಮೊದಲ ಪರೀಕ್ಷೆಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಮಾತ್ರೆ ನುಂಗಿದವರಲ್ಲಿ 3.8 ಶೇಕಡಾ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 2.1 ಶೇಕಡಾ. ಬಹುತೇಕರಿಗೆ ನಿಲ್ಲಿಸಿದರೆ ಸರಿಹೋಗುತ್ತದೆ, ನಿಲ್ಲಿಸಿದ ಮೇಲೂ ಉಳಿಯಿತು ಎಂದು ಹೇಳುವವರೂ ಇದ್ದಾರೆ. ಮನಸ್ಸು ಕುಗ್ಗಬಹುದು. ಆತ್ಮಹತ್ಯೆಯ ಆಲೋಚನೆ ಇದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತಪಡಿಸಿದೆ. ಹಿಂದೆ ಎಂದಾದರೂ ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಂಡಿದ್ದನೇ ಎಂದು ಕೇಳಿದೆ, ಇಲ್ಲ ಎಂದ. ಇದನ್ನೆಲ್ಲ ಹೇಳುವುದರಲ್ಲಿ ಒಂದು ಸಿಕ್ಕು ಇದೆ. ಪ್ರೊಸ್ಟೇಟ್ ಗ್ರಂಥಿ ದೊಡ್ಡದಾದದ್ದಕ್ಕೆ ಇದೇ ಔಷಧ ಪಡೆದವರ ಮೇಲೆ ಇಟಲಿಯಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ತೊಂದರೆಯ ಬಗ್ಗೆ ಮೊದಲೇ ಹೇಳಿಸಿಕೊಂಡವರಲ್ಲಿ 43.6 ಶೇಕಡಾ ಮಂದಿಗೆ ತೊಂದರೆ ಕಂಡಿತು. ಹೇಳದೆ ಕೊಟ್ಟವರಲ್ಲಿ ಅದು 15.3. ಹೇಳಿದರೆ ಭಯವೇ ಕಾಯಿಲೆಯಾಗುತ್ತದೆ, ಹೇಳದಿದ್ದರೆ ವಂಚನೆಯಾಗುತ್ತದೆ. ಆ ಅಧ್ಯಯನದ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿಬಿಟ್ಟೆ.

ತಂದೆಯನ್ನು ಒಳಗೆ ಕರೆದಾಗ ಅವರು ಅಂಗಿಯ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು, ಮೂತ್ರದ ತೊಂದರೆಗೆ ಕೊಟ್ಟಿದ್ದು, ಕೈಯ ಮುಲಾಮಿಗೂ ಇದಕ್ಕೂ ಆಗಿಬರುತ್ತದೆಯೇ ಎಂದು ಕೇಳಿದರು. ಓದಿದೆ. ಟ್ಯಾಮ್ಸುಲೋಸಿನ್ ಜೊತೆ ಡುಟಾಸ್ಟರೈಡ್. ಫಿನಾಸ್ಟರೈಡ್‌ನ ಅಣ್ಣ, ಡಿಎಚ್‌ಟಿಯನ್ನು ಅದಕ್ಕಿಂತ ಜೋರಾಗಿ ಇಳಿಸುವಂಥದ್ದು. ಎರಡು ವರ್ಷದಿಂದ ನುಂಗುತ್ತಿದ್ದರು. ಮಗ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಇಡೀ ಗಂಟೆ ಕೊಟ್ಟ ಅಂಕಿಗಳು ಮಾಡದ ಕೆಲಸವನ್ನು ಆ ಪಟ್ಟಿ ಮಾಡಿತು. ತಂದೆಗೊಂದು ಮಾತು ಹೇಳಿದೆ. ಈ ಮಾತ್ರೆ ನುಂಗುವವರಲ್ಲಿ, ಪ್ರೊಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮಾತ್ರೆಯ ವಿಷಯ ತಿಳಿಸದೆ ಪರೀಕ್ಷೆ ಮಾಡಿಸಬೇಡಿ.

ಮಿನಾಕ್ಸಿಡಿಲ್ ಮತ್ತು ಫಿನಾಸ್ಟರೈಡ್ ಎರಡೂ ಶುರುವಾದವು. ಈ ಸಲ ಹಚ್ಚುವ ಬಗೆಯನ್ನು ಅವನಿಂದಲೇ ಮಾಡಿಸಿ ನೋಡಿದೆ. ತಾಯಿ ರಾತ್ರಿ ಹರಳೆಣ್ಣೆ ತಿಕ್ಕಿದ ತಲೆಯ ಮೇಲೆ ಅವನು ಅದನ್ನು ಸುರಿಯುತ್ತಿದ್ದನಂತೆ. ಬೆಳಗಿನ ಪಾಲು ಹಚ್ಚಿ ನೇರ ಬೇಸಿನ್ನಿನ ಹಬೆಯ ನಡುವೆ ಹೋಗಿ ನಿಲ್ಲುತ್ತಿದ್ದ. ಬೆವರಿನಲ್ಲಿ ಹಣೆಗೆ ಇಳಿದು ಹೋಗುತ್ತಿದ್ದದ್ದು ಎಷ್ಟೋ. ರಾತ್ರಿ ಒಂದೇ ಸಲ, ಒಣ ಚರ್ಮಕ್ಕೆ, ಬೈತಲೆ ಬಿಡಿಸಿ, ಮಲಗುವುದಕ್ಕೆ ಎರಡು ಗಂಟೆ ಮೊದಲು ಎಂದು ತಿದ್ದಿದೆ. ಎರಡು ಬಾರಿ ಎಂದು ಬಾಟಲಿಯ ಮೇಲಿದ್ದರೂ, ನಡೆಯುವ ಒಂದು ನಡೆಯದ ಎರಡಕ್ಕಿಂತ ವಾಸಿ.

ಅಡುಗೆಮನೆಯ ಚಾಕು

ಏಪ್ರಿಲ್‌ನಲ್ಲಿ ಬಂದಾಗ ಉದುರುವುದು ಕಡಿಮೆಯಾಗಿತ್ತು. ಖರ್ಚು ಹೇಗಿದೆ ಎಂದು ಸುಮ್ಮನೆ ಕೇಳಿದೆ. ಅವನು ಹೆಮ್ಮೆಯಿಂದ ಹೇಳಿದ. ಪ್ರೊಸ್ಟೇಟ್‌ಗೆ ಕೊಡುವ 5 ಮಿಲಿಗ್ರಾಂ ಮಾತ್ರೆ ತಂದು ನಾಲ್ಕು ತುಂಡು ಮಾಡಿದರೆ ಅಗ್ಗವಾಗುತ್ತದೆ ಎಂದು ಗೆಳೆಯನೊಬ್ಬ ಹೇಳಿಕೊಟ್ಟಿದ್ದನಂತೆ. ತುಂಡು ಮಾಡುವುದು ಯಾರು? "ಅಕ್ಕ. ಅಕ್ಕನ ಕೈ ಹದ ಸಾರ್. ತರಕಾರಿ ಚಾಕುವಿನಲ್ಲಿ ಒಂದೇ ಏಟಿಗೆ ಸಮ ಮಾಡುತ್ತಾಳೆ. ಹೆರಿಗೆಗೆ ಬಂದಿದ್ದಾಳೆ."

ಪೆನ್ನು ಕೆಳಗಿಟ್ಟೆ.

ಗಂಡು ಭ್ರೂಣದ ಜನನಾಂಗ ರೂಪುಗೊಳ್ಳುವುದಕ್ಕೆ ಡಿಎಚ್‌ಟಿ ಬೇಕು. ಅದಕ್ಕೇ ಒಡೆದ, ಪುಡಿಯಾದ ಫಿನಾಸ್ಟರೈಡನ್ನು ಗರ್ಭಿಣಿಯರು ಮುಟ್ಟಬಾರದು. ಇಡೀ ಮಾತ್ರೆಯ ಮೇಲಿನ ಲೇಪ ಕಾಪಾಡುತ್ತದೆ, ತುಂಡಾದರೆ ಆ ರಕ್ಷಣೆ ಇಲ್ಲ. ಅಕ್ಕನಿಗೆ ಆಗ ಏಳು ತಿಂಗಳು. ಆ ಅಂಗಗಳು ರೂಪುಗೊಳ್ಳುವ ಮುಖ್ಯ ಕಾಲ ದಾಟಿತ್ತು, ಬೆರಳಿನ ಮೂಲಕ ಒಳಸೇರುವ ಪ್ರಮಾಣವೂ ತೀರಾ ಕಡಿಮೆ. ಹೀಗೆ ನನಗೆ ನಾನೇ ಹೇಳಿಕೊಂಡೆ. ಅವಳನ್ನು ನೋಡುತ್ತಿದ್ದ ಸ್ತ್ರೀರೋಗ ತಜ್ಞರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನಾನು ಕೇಳುವಂತಿಲ್ಲ, ಅವರು ಹೇಳುವಂತಿಲ್ಲ. ಕಾನೂನು ಹಾಗಿದೆ, ಸರಿಯಾಗಿಯೇ ಇದೆ. ಹೆರಿಗೆಯವರೆಗೆ ಇಬ್ಬರೂ ಸುಮ್ಮನೆ ಕಾದೆವು. ಜೂನ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ಆ ಸುದ್ದಿ ತಂದ ಪೇಡದಷ್ಟು ರುಚಿಯ ಪೇಡ ನಾನು ಈಚೆಗೆ ತಿಂದಿಲ್ಲ.

ಫೆಬ್ರವರಿಯಲ್ಲಿ ಗಂಟೆಗಟ್ಟಲೆ ಮಾತಾಡಿದವನು "ಮನೆಯಲ್ಲಿ ಗರ್ಭಿಣಿಯರು ಇದ್ದಾರೆಯೇ" ಎಂಬ ಒಂದು ಸಾಲನ್ನು ಬಿಟ್ಟಿದ್ದೆ. ಈಗ ಫಿನಾಸ್ಟರೈಡ್ ಬರೆಯುವಾಗ ಆ ಪ್ರಶ್ನೆ ಮೊದಲು ಬರುತ್ತದೆ, ಆಮೇಲೆ ಮಾತ್ರೆಯ ಬೆಲೆಯ ಮಾತು. ಬೆಲೆಯನ್ನು ನಾವು ಕೇಳದಿದ್ದರೆ ಮೆಡಿಕಲ್ ಅಂಗಡಿಯ ಮುಂದೆ ಗೆಳೆಯರು ಕೇಳುತ್ತಾರೆ. ನುಂಗುವವರು ರಕ್ತದಾನ ಮಾಡುವಂತಿಲ್ಲ, ಬಿಟ್ಟ ಒಂದು ತಿಂಗಳ ನಂತರವೇ ಎಂಬುದನ್ನೂ ಚೀಟಿಯ ಹಿಂದೆ ಬರೆದುಕೊಡುತ್ತೇನೆ. ಡುಟಾಸ್ಟರೈಡ್ ಆದರೆ ಆರು ತಿಂಗಳು.

ನಿಶ್ಚಿತಾರ್ಥ

ಜುಲೈನಲ್ಲಿ ಹೆಣ್ಣು ಗೊತ್ತಾಯಿತು. ಆಗಸ್ಟ್‌ನಲ್ಲಿ ಒಬ್ಬನೇ ಬಂದು, ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು, ಆಸೆ ಕಡಿಮೆಯಾಗಿದೆ ಎಂದ. ಮದುವೆಗೆ ಮೂರು ತಿಂಗಳಿತ್ತು.

ಮಾತ್ರೆಯಿಂದಲೋ ಭಯದಿಂದಲೋ ಎಂದು ವಾದಿಸುವ ಹೊತ್ತು ಅದಲ್ಲ. ಕಾರಣ ಯಾವುದಾದರೂ ಅವನ ತೊಂದರೆ ನಿಜ. ಮಾತ್ರೆ ನಿಲ್ಲಿಸಿದೆ, ಮಿನಾಕ್ಸಿಡಿಲ್ ಮುಂದುವರಿಸಿದೆ. ಮೂರು ವಾರದಲ್ಲಿ ಸರಿಹೋಯಿತು ಎಂದ. ಸರಿಹೋಗದಿದ್ದರೂ ಮದುವೆಯ ಮುಂಚೆ ಮತ್ತೆ ಶುರು ಮಾಡುತ್ತಿರಲಿಲ್ಲ. ಮದುವೆ ಮುಗಿದು ಎರಡು ತಿಂಗಳಿಗೆ ಅವನೇ ಕೇಳಿದ, ದಿನ ಬಿಟ್ಟು ದಿನ ಕೊಟ್ಟೆ. ಕಡಿಮೆ ಪ್ರಮಾಣದಲ್ಲೂ ಡಿಎಚ್‌ಟಿ ಸಾಕಷ್ಟು ಇಳಿಯುತ್ತದೆ ಎಂಬುದು ತಿಳಿದ ಸಂಗತಿ. ತೊಂದರೆ ಮರಳಲಿಲ್ಲ. ಮೊದಲ ಸಲ ಬಂದದ್ದು ಯಾತರಿಂದ ಎಂದು ನನಗೆ ಇವತ್ತಿಗೂ ಹೇಳಲಾಗದು.

ಈ ನಡುವೆ ನುಂಗುವ ಮಿನಾಕ್ಸಿಡಿಲ್ ಕೊಡಿ, ಹಚ್ಚುವ ರಗಳೆ ಬೇಡ ಎಂದು ಒಮ್ಮೆ ಕೇಳಿದ್ದ. ಅದು 1970ರ ದಶಕದಲ್ಲಿ ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ್ದು. ನುಂಗಿದವರಿಗೆ ಮೈತುಂಬ ಕೂದಲು ಬೆಳೆದದ್ದರಿಂದಲೇ ತಲೆಗೆ ಹಚ್ಚುವ ಯೋಚನೆ ಬಂದದ್ದು. ಈಗ ಸಣ್ಣ ಪ್ರಮಾಣದಲ್ಲಿ ಹಲವು ವೈದ್ಯರು ಕೊಡುತ್ತಾರೆ, ನಾನೂ ಕೆಲವರಿಗೆ ಕೊಟ್ಟಿದ್ದೇನೆ. ಎದೆ ಬಡಿತ, ಪಾದದ ಊತ, ಕೆನ್ನೆಯ ಮೇಲೆ ಕೂದಲು ಎಂದು ಪಟ್ಟಿ ಹೇಳಿದಾಗ ಅವನೇ ಹಿಂದೆ ಸರಿದ.

ಹದಿನೆಂಟು ತಿಂಗಳ ಮೇಲೆ

ಎರಡನೆಯ ಭೇಟಿಯಿಂದ ಪ್ರತಿ ಮೂರು ತಿಂಗಳಿಗೂ ಚಿತ್ರ ತೆಗೆಯುತ್ತಿದ್ದೆ. ಅದೇ ಸ್ಟೂಲು, ಅದೇ ಟ್ಯೂಬ್‌ಲೈಟ್, ಗೋಡೆಯ ಮೇಲೆ ಗದ್ದದ ಮಟ್ಟಕ್ಕೆ ಅಂಟಿಸಿದ ಒಂದು ಗುರುತು, ತಲೆ ಒಣಗಿರಬೇಕು. ಕೂದಲು ಎಣಿಸುವುದನ್ನು ನಿಲ್ಲಿಸುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೆ. ಎಣಿಕೆಯ ಜಾಗಕ್ಕೆ ಈ ಚಿತ್ರಗಳು ಬಂದವು. ಕನ್ನಡಿ ದಿನಕ್ಕೊಂದು ಹೇಳುತ್ತದೆ. ಆರನೆಯ ತಿಂಗಳಲ್ಲಿ "ಏನೂ ಆಗಿಲ್ಲ" ಎಂದು ಬಾಟಲಿ ಎಸೆಯಲು ಹೊರಟವನನ್ನು ಎರಡು ಚಿತ್ರ ಪಕ್ಕಪಕ್ಕ ಇಟ್ಟು ನಿಲ್ಲಿಸಿದೆ.

ಹದಿನೆಂಟನೆಯ ತಿಂಗಳ ಚಿತ್ರದಲ್ಲಿ ಸುಳಿಯ ತೆಳು ಜಾಗ ಬಹುಮಟ್ಟಿಗೆ ಮುಚ್ಚಿತ್ತು. ಕಣತಲೆಯ ಮೂಲೆಗಳು ಇದ್ದಲ್ಲೇ ಇದ್ದವು, ಮುಂದೆ ಬಂದಿರಲಿಲ್ಲ, ಹಿಂದೆಯೂ ಸರಿದಿರಲಿಲ್ಲ. ಈ ಔಷಧಗಳು ನೆತ್ತಿಗೆ ಮಾಡುವಷ್ಟು ಉಪಕಾರವನ್ನು ಹಣೆಯ ಮೂಲೆಗೆ ಮಾಡುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿದ್ದೆ, ಅದೊಂದನ್ನಾದರೂ.

ಆ ಸಲ ಹೆಂಡತಿಯೂ ಬಂದಿದ್ದಳು. ಅವಳು ಕೇಳಿದ್ದು ಒಂದೇ. "ನಿಲ್ಲಿಸಿದರೆ?" ಮೂರು ನಾಲ್ಕು ತಿಂಗಳಿನಿಂದ ವರ್ಷದೊಳಗೆ, ಔಷಧವೇ ಇಲ್ಲದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಬರುತ್ತದೆ ಎಂದೆ. "ಅಂದರೆ ಜೀವನಪೂರ್ತಿಯೇ?" ಬೇಕೆನಿಸುವಷ್ಟು ದಿನ. ಅವಳು ಗಂಡನ ಕಡೆ ತಿರುಗಿ, ಮಗುವಿನ ವಿಷಯವನ್ನು ಅವನೇ ಹೇಳಲಿ ಎನ್ನುವಂತೆ ಸುಮ್ಮನಾದಳು. ಗಂಡ ಈ ಮಾತ್ರೆ ನುಂಗುತ್ತಿದ್ದರೂ ಮಗುವಿಗೆ ತೊಂದರೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಕೆಲವರಲ್ಲಿ ವೀರ್ಯದ ಪ್ರಮಾಣ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ನಿಲ್ಲಿಸಲೇಬೇಕೆಂದು ನಾನು ಹೇಳಲಿಲ್ಲ. ಅಕ್ಕನ ಚಾಕುವಿನ ಕಥೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಬ್ಬರೂ ಹೊರಗಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು ಒಳಗೆ ಬಂದರು. ಮಗು ಆಗುವವರೆಗೆ ಮಾತ್ರೆ ಬೇಡ, ಬಾಟಲಿ ಇರಲಿ.

ನವಿರಾಗಿ ಹೋದ ಎಳೆ ಮತ್ತೆ ದಪ್ಪವಾಗಿದೆಯೇ ಎಂದು ಅವನಿಗೆ ಕುತೂಹಲ. ಡರ್ಮೋಸ್ಕೋಪಿಟ್ಟು ಪರದೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇನ್ನೂ ಒಂದೇ ಸಮ ಬಂದಿಲ್ಲ, ಆದರೆ ಮಾರುಕಟ್ಟೆಗೆ ಹೋಗುತ್ತದೆ ಸಾರ್" ಎಂದ. ಸ್ಟೂಲಿನ ಮೇಲೆ ಕೂರಿಸಿ ಗೋಡೆಯ ಗುರುತಿಗೆ ಗದ್ದ ಹೊಂದಿಸಿದೆ. ಅಂದಿನ ಚಿತ್ರಕ್ಕೆ ಹಳೆಯ ಸಾಲಿನ ಸಂಖ್ಯೆ ಹಾಕಲಿಲ್ಲ, ಮತ್ತೆ ಒಂದು ಎಂದು ಬರೆದೆ.